ನೆಲೆಯಿಲ್ಲದವರು ನಮ್ಮವರೇ



ಕುಷ್ಟಗಿ, ಯಲಬುರ್ಗಾ ಸೀಮೆಗೆ ಗುಳೆ ಹೊಸದಲ್ಲ. 1876ರ ಧಾತು ಸಂವತ್ಸರದಲ್ಲಿ ಹಿಡಿದ ಕ್ಷಾಮವು 1878ರವರೆಗೆ ದಖ್ಖಣವನ್ನು ಸುಟ್ಟಾಗ ಜನರು ಊರೂರನ್ನೇ ಬಿಟ್ಟು ಹೊರಟರು. ಅಂಥವರಿಗೆ ಅಗಸಿಯ ಕಟ್ಟೆ, ಗುಡಿಯ ಪೌಳಿ, ಮಠದ ಪಡಸಾಲೆಗಳೇ ಆಸರೆ. ಕಟ್ಟೆಯ ಮೇಲೆ ಮಲಗಿದವನನ್ನು “ಯಾವೂರಪ್ಪಾ, ಉಂಡೀಯೇನು?” ಎಂದು ಕೇಳದೆ ಕದವಿಕ್ಕುವುದು ಮನೆತನಕ್ಕೆ ಕುಂದಾಗಿತ್ತು. ಕುಲ ಕೇಳಿ ನೀರು ಕೊಡುವ ಪಾಪವೂ ಆಗ ಇದ್ದಿತು, ಅದನ್ನು ಮುಚ್ಚಿಡಲಾಗದು. ಆ ಪಾಪವನ್ನು ತೊಳೆಯಲೆಂದೇ ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ದಾಸೋಹವನ್ನು ಬೋಧಿಸಿದ್ದರು. ‘ನಾನು ದಾಸನು’ ಎಂಬುದೇ ಆ ಶಬ್ದದ ಅರ್ಥ. ಕೊಡುವವನು ಬಾಗಬೇಕು, ಬಾಗಿದವನಿಗೆ ಎದುರಿನವನ ಮುಖ ಕಾಣುತ್ತದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾಯಿತು. ಗಂಗಾವತಿ ಭತ್ತದ ಕಣಜವಾಯಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಬಡವರು ಅಲ್ಲಿಗೆ ನಾಟಿಗೆ ಹೋದರು, ಅನಂತರ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಪರರ ಮಹಡಿ ಕಟ್ಟಿದವರು ತಾವು ತಗಡಿನ ಕೆಳಗೆ, ರಸ್ತೆಯ ಬದಿಯಲ್ಲಿ ಮಲಗಿದರು.

1975ರಲ್ಲಿ ಕರ್ನಾಟಕವು ಕಾಯಿದೆಯ ಮೂಲಕ ಭಿಕ್ಷಾಟನೆಯನ್ನು ನಿಷೇಧಿಸಿತು. ಭಿಕ್ಷುಕರಿಗೆ ಪರಿಹಾರ ಕೇಂದ್ರಗಳಾದವು. ಅವುಗಳ ವೆಚ್ಚಕ್ಕೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಕರ ಬಂದಿತು. ಕರ ಕೊಡುವುದು ತಪ್ಪಲ್ಲ. ಆದರೆ ಕರ ಕೊಟ್ಟೊಡನೆ ಕರುಣೆಯ ಋಣವೂ ತೀರಿತೆಂದು ನಗರವು ತಿಳಿಯಿತು. 2010ರಲ್ಲಿ ಬೆಂಗಳೂರಿನ ಅಂಥ ಕೇಂದ್ರದಲ್ಲಿಯೇ ಹತ್ತಾರು ಜನ ನಿರಾಶ್ರಿತರು ಸತ್ತರು. ಪತ್ರಿಕೆಗಳು ಬರೆಯುವವರೆಗೆ ಅವರು ಹೇಗಿರುವರೆಂದು ಕೇಳಿದವರೆಷ್ಟು ಮಂದಿ?

ಇತರರನ್ನು ದೂರುವ ಅಧಿಕಾರ ನಮಗೂ ಇಲ್ಲ. ಒಮ್ಮೆ ಬೆಂಗಳೂರಿನ ವೃತ್ತವೊಂದರಲ್ಲಿ ನಮ್ಮ ಕಾರು ನಿಂತಿತ್ತು. ವೃದ್ಧನೊಬ್ಬನು ಗಾಜು ಬಡಿದನು. ನಾವು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಕಾರು ಹೊರಟಾಗ “ಬುದ್ಧೀ, ನಾ ಕುಷ್ಟಗಿ ಕಡಿಯಾಂವ್ರೀ” ಎಂಬ ಧ್ವನಿ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಅವನು ಕಾಣದಾದನು. ಜೋಳಿಗೆ ಹಿಡಿದು ಭಕ್ತರ ಬಾಗಿಲಲ್ಲಿ ನಿಂತು ಬೆಳೆದ ಮಠ ನಮ್ಮದು. ನಾವು ಕೈಯೊಡ್ಡಿದರೆ ಭಿಕ್ಷೆಯ ಜೊತೆಗೆ ನಮಸ್ಕಾರವೂ ದೊರೆಯುತ್ತದೆ; ಆ ಮುದುಕನಿಗೆ ನಮ್ಮ ನೋಟವೂ ದೊರೆಯಲಿಲ್ಲ. ಆ ದಿನದ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

1997ರಲ್ಲಿ ಕೊಪ್ಪಳವು ಜಿಲ್ಲಾಕೇಂದ್ರವಾಯಿತು. ಊರು ಬೆಳೆಯಲಿ, ನಗರದ ಈ ಕುರುಡು ಮಾತ್ರ ನಮಗೆ ಬಾರದಿರಲಿ. ಬಸ್ ನಿಲ್ದಾಣದಲ್ಲಿ ಮಲಗಿದವನಿಗೆ ಕೊಡಲು ಕಾಸಿಲ್ಲದಿದ್ದರೂ ಚಿಂತೆಯಿಲ್ಲ, “ಯಾವೂರಪ್ಪಾ, ಉಂಡೀಯೇನು?” ಎಂದು ಕೇಳಿರಿ. ದಾಸೋಹವು ಆ ಮಾತಿನಿಂದಲೇ ಮೊದಲಾಗುತ್ತದೆ. ನಿಮಗೆಲ್ಲ ಮಂಗಲವಾಗಲಿ.