ಟ್ರಾನ್ಸ್‌ಜೆಂಡರ್ ಮಹಿಳೆಯರು ಹೆಸರು ಬದಲಿಸುವುದು ಗುರುತು ಮುಚ್ಚಿಡಲಿಕ್ಕಾ? ವಾಸ್ತವ ಇಲ್ಲಿದೆ

'ಇವರು ಹೆಸರು ಬದಲಿಸಿಕೊಂಡು ಓಡಾಡ್ತಾರೆ, ಮೋಸ ಹೋಗಬೇಡಿ, ಎಲ್ಲಾ ಗ್ರೂಪಿಗೂ ಕಳಿಸಿ.' ಟ್ರಾನ್ಸ್‌ಜೆಂಡರ್ ಮಹಿಳೆಯರ ಬಗ್ಗೆ ಈ ಧಾಟಿಯ ಮೆಸೇಜ್‌ಗಳು ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತವೆ. ಅವರ ಹೊಸ ಹೆಸರು ಎಲ್ಲಿಂದ ಬರುತ್ತದೆ, ಅದಕ್ಕೆ ಕಾನೂನಿನ ಮಾನ್ಯತೆ ಇದೆಯೇ ಎಂಬುದನ್ನು ನಾವು ಇಲ್ಲಿ ವಿವರಿಸಿದ್ದೇವೆ.

ಹೆಸರು ಹೇಗೆ ಆರಿಸಿಕೊಳ್ಳುತ್ತಾರೆ?

ಧಾರವಾಡ ಜಿಲ್ಲೆಯಲ್ಲಿ ಕಲಘಟಗಿ ತಾಲ್ಲೂಕಿನ ತಂಬೂರ ಇರಲಿ, ನವಲಗುಂದದ ಕಡೆಯ ಊರಿರಲಿ, ಹೆಸರುಗಳು ಜೋಡಿಯಾಗಿ ಸಿಗುತ್ತವೆ: ಬಸಪ್ಪ–ಬಸವ್ವ, ಯಲ್ಲಪ್ಪ–ಯಲ್ಲವ್ವ, ಫಕೀರಪ್ಪ–ಫಕೀರವ್ವ. ಮನೆದೇವರು ಒಂದೇ, ಕೊನೆ ಮಾತ್ರ ಬೇರೆ. ಹೊಸ ಹೆಸರಿಗೆ ಇದು ಬಹಳ ಸುಲಭವಾದ ದಾರಿ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಅವರಿಗೆ ಮನೆಯವರು ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಇದನ್ನು ಸ್ವತಃ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿರುವುದರಿಂದ ನಾವು ಬರೆಯುತ್ತಿದ್ದೇವೆ. ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಅವರಿಗೆ ಮುತ್ತು ಕಟ್ಟಲಾಯಿತು. ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸುವ ಶಾಸ್ತ್ರ ಅದು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ಮಂಜುನಾಥನಲ್ಲಿದ್ದ 'ಮಂಜು' ಮಂಜಮ್ಮನಲ್ಲಿ 'ಮಂಜ' ಆಗಿ ಉಳಿದಿದೆ. ಗುರುತು ಮುಚ್ಚಿಡುವವರು ಹೀಗೆ ಹೆಸರಿಡುವುದಿಲ್ಲ.

ಬೇರೆ ದಾರಿಗಳೂ ಇವೆ. ಕೆಲವರಿಗೆ ಹಿಜ್ರಾ ಸಮುದಾಯದ ಗುರು ಹೆಸರಿಡುತ್ತಾರೆ. ಕೆಲವರು ದೇವಿಯ ಹೆಸರನ್ನೋ, ಮೆಚ್ಚಿನ ಸಿನಿಮಾ ನಾಯಕಿಯ ಹೆಸರನ್ನೋ ತಾವೇ ಆರಿಸಿಕೊಳ್ಳುತ್ತಾರೆ. ಕೆಲವರು ಹಳೆಯ ಹೆಸರಿನ ಮೊದಲ ಅಕ್ಷರ ಉಳಿಸಿಕೊಳ್ಳುತ್ತಾರೆ. ಮಂಜು, ಶಶಿ ತರಹದ ಹೆಸರಿನವರು ಬದಲಿಸುವ ಅಗತ್ಯವೇ ಇಲ್ಲ. ಸವದತ್ತಿ ಯಲ್ಲಮ್ಮನಿಗೆ ನಡೆದುಕೊಳ್ಳುವ ಜೋಗಪ್ಪಂದಿರಲ್ಲೂ ಎಲ್ಲರೂ ಹೆಸರು ಬದಲಿಸಲೇಬೇಕು ಎಂದೇನಿಲ್ಲ.

ಸೀರೆ ಉಟ್ಟವರೆಲ್ಲ ಟ್ರಾನ್ಸ್‌ಜೆಂಡರ್ ಮಹಿಳೆಯರೇ?

ಅಲ್ಲ. ಬಯಲಾಟ, ಕಂಪನಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡುವ ಗಂಡಸರ ಹೆಣ್ಣಿನ ಹೆಸರು ರಂಗದ ಮೇಲಷ್ಟೇ; ಬಣ್ಣ ಅಳಿಸಿದ ಮೇಲೆ ಹಳೆಯ ಹೆಸರೇ. ಖಾಸಗಿಯಾಗಿ ಹೆಣ್ಣುಡುಗೆ ತೊಡುವ ಕೆಲವರು ಆ ಹೊತ್ತಿಗೆ, ಆಪ್ತರ ನಡುವೆ ಮಾತ್ರ ಒಂದು ಹೆಸರು ಇಟ್ಟುಕೊಳ್ಳುತ್ತಾರೆ. ಟ್ರಾನ್ಸ್‌ಜೆಂಡರ್ ಮಹಿಳೆಗೆ ಅದು ವೇಷದ ಹೆಸರಲ್ಲ, ದಿನನಿತ್ಯದ ಬದುಕಿನ ಹೆಸರು.

ಕಾನೂನು ಏನು ಹೇಳುತ್ತದೆ?

2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಮ್ಮ ಲಿಂಗ ಗುರುತನ್ನು ತಾವೇ ನಿರ್ಧರಿಸುವ ಹಕ್ಕನ್ನು ಎತ್ತಿಹಿಡಿಯಿತು. ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಒತ್ತಾಯಿಸುವುದು ತಪ್ಪು ಎಂದಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಅದು ಕೈಗೆ ಬಂದ ಮೇಲೆ ಜನನ ಪ್ರಮಾಣಪತ್ರ ಮತ್ತು ಇತರ ಸರ್ಕಾರಿ ದಾಖಲೆಗಳಲ್ಲಿ ತಮ್ಮ ಹೆಸರು ಬದಲಿಸಿಕೊಳ್ಳುವ ಹಕ್ಕನ್ನು ಕಾಯ್ದೆಯ 7ನೇ ಸೆಕ್ಷನ್ ಕೊಡುತ್ತದೆ. ಅಂದರೆ ಹೆಸರು ಬದಲಾವಣೆ ಕದ್ದುಮುಚ್ಚಿ ನಡೆಯುವುದಿಲ್ಲ, ದಾಖಲೆ ಸಮೇತ ನಡೆಯುತ್ತದೆ.

ತೊಂದರೆ ಯಾರಿಗೆ?

ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಬ್ಯಾಂಕ್ ಖಾತೆ, ಬಾಡಿಗೆ ಮನೆ, ಕೆಲಸ, ಪಿಂಚಣಿ ಎಲ್ಲದಕ್ಕೂ ಅಲೆದಾಟ. ಆ ಅಲೆದಾಟ ಟ್ರಾನ್ಸ್‌ಜೆಂಡರ್ ಮಹಿಳೆಯರ ಪಾಲಿಗೆ ಬರುತ್ತದೆ. ಅದರ ಮೇಲೆ 'ಮೋಸಗಾರರು' ಎಂಬ ಫಾರ್ವರ್ಡ್ ಊರೆಲ್ಲ ಹರಡಿದರೆ, ಬಾಡಿಗೆಗೆ ಮನೆ ಕೊಡಬೇಕೆಂದಿದ್ದವರೂ ಹಿಂದೆ ಸರಿಯುತ್ತಾರೆ.

ನಾವು ಏನು ಮಾಡಬಹುದು?

ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ. 'ನಿಮ್ಮ ನಿಜವಾದ ಹೆಸರು ಏನು?' ಎಂದು ಕೆದಕಬೇಡಿ. ಅವರು ಹೇಳಿದ್ದೇ ನಿಜವಾದ ಹೆಸರು. ಹೆಸರು ಗೊತ್ತಿಲ್ಲದಿದ್ದರೆ ಅಕ್ಕಾ ಅನ್ನಿ, ಹಿರಿಯರಾಗಿದ್ದರೆ ಅವ್ವಾ ಅನ್ನಿ.

ತೀರ್ಮಾನ: ಹೆಸರು ಬದಲಿಸಿಕೊಳ್ಳುವುದು ಮೋಸದ ಲಕ್ಷಣ ಎಂಬುದು ಸುಳ್ಳು. ಅದು ಕಾನೂನು ಒಪ್ಪಿದ ಹಕ್ಕು. ಮೇಲೆ ಹೇಳಿದಂಥ ಮೆಸೇಜ್ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.