ಮಂಗಳವಾರದ ಷಟರ್, ನಾಲ್ಕು ದನಿ

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ಮಹಾಲಕ್ಷ್ಮಿ ಲೇಔಟಿಂದ ಕುರುಬರಹಳ್ಳಿ ಕಡೆ ಇಳಿಯೋ ಒಂದು ಅಡ್ಡರಸ್ತೆಯಲ್ಲಿ ನನ್ನ ಗೆಳೆಯನ ಸಲೂನ್ ಇದೆ. ಮೂರು ಕುರ್ಚಿ, ಎದುರುಬದುರು ಕನ್ನಡಿ, ಮೂಲೆಯಲ್ಲೊಂದು ಟಿವಿ. ಬೆಂಗಳೂರಿನ ಸಲೂನುಗಳಿಗೆ ಮಂಗಳವಾರ ರಜೆ ಅನ್ನೋದು ನಿಮಗೆ ಗೊತ್ತೇ ಇದೆ. ಆ ದಿನ ಸಂಜೆ ಏಳಕ್ಕೆ ಅವನು ಷಟರ್ ಅರ್ಧ ಎತ್ತಿಡ್ತಾನೆ. ನಾವು ಏಳೆಂಟು ಜನ ಬಗ್ಗಿ ಒಳಗೆ ಹೋಗಿ ಹಾಡ್ತೀವಿ. ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲೋನೊಬ್ಬ, ಮೇಷ್ಟ್ರೊಬ್ಬರು, ಭಾನುವಾರ ಚರ್ಚಿನ ಕೋರಸ್ಸಿನಲ್ಲಿ ಹಾಡೋನೊಬ್ಬ, ಪೌರಕಾರ್ಮಿಕರ ಸಂಘಟನೆಯಲ್ಲಿರೋ ಇಬ್ಬರು ಹೆಣ್ಣುಮಕ್ಕಳು, ನಾನು, ಮತ್ತೆ ಅಂಗಡಿಯೋನು. ಹೆಸರಿಲ್ಲ, ಬೋರ್ಡಿಲ್ಲ, ಚಂದಾ ಇಲ್ಲ. ಟೀ ದುಡ್ಡು ಯಾರ ಜೇಬಲ್ಲಿದೆಯೋ ಅವರದು.

ನಾವು ಮಾಡೋ ಪ್ರಯತ್ನ ಅಮೆರಿಕದವರು ‘ಬಾರ್ಬರ್‌ಶಾಪ್ ಹಾರ್ಮನಿ’ ಅಂತಾರಲ್ಲ, ಅದು. ವಾದ್ಯ ಇಲ್ಲದೆ ನಾಲ್ಕು ದನಿ. ಲೀಡ್ ಅನ್ನೋನು ಧಾಟಿ ಹಾಡ್ತಾನೆ. ಟೆನರ್ ಅವನ ಮೇಲೆ ತೆಳ್ಳಗೆ ಕೂತ್ಕೋತಾನೆ. ಬೇಸ್ ಕೆಳಗೆ ಅಡಿಪಾಯ ಹಾಕ್ತಾನೆ. ಮಿಕ್ಕ ಸ್ವರಗಳನ್ನೆಲ್ಲ ಬ್ಯಾರಿಟೋನ್ ಹೆಕ್ಕಿಕೊಳ್ತಾನೆ. ಅವನೊಬ್ಬನದೇ ಕೇಳಿದ್ರೆ ಹಾಡು ಅಂತಲೇ ಅನ್ನಿಸಲ್ಲ. ನಾಲ್ಕೂ ಸರಿಯಾಗಿ ಕೂತಾಗ ಯಾರೂ ಹಾಡದ ಐದನೇ ದನಿಯೊಂದು ಮೇಲಿಂದ ಕೇಳ್ಸುತ್ತೆ. ಪವಾಡ ಅಲ್ಲ, ಭೌತಶಾಸ್ತ್ರ. ಹಾರ್ಮೋನಿಯಂ ಇಟ್ಕೊಂಡ್ರೆ ಅದು ಸರಿಯಾಗಿ ಸಿಗಲ್ಲ, ಅದರ ರೀಡುಗಳ ಶ್ರುತಿಯೇ ಬೇರೆ. ಕಿವಿಯಿಂದ ಕಿವಿಗೆ ಹೊಂದಿಸ್ಕೋಬೇಕು. ಹೀಗೆ ಕಾಗದ ಇಲ್ಲದೆ, ತಡಕಾಡ್ತಾ ದನಿ ಹುಡುಕೋದಕ್ಕೆ ಅಲ್ಲಿ ‘ವುಡ್‌ಶೆಡ್ಡಿಂಗ್’ ಅಂತಾರೆ. ಮನೆ ಹಿಂದಿನ ಸೌದೆ ಕೊಟ್ಟಿಗೆಗೆ ಹೋಗಿ ಅಭ್ಯಾಸ ಮಾಡು ಅಂತ ಅರ್ಥ.

ನಮಗೆ ಇದು ಸುಲಭ ಆಗ್ಲಿಲ್ಲ. ಹೋರಾಟದ ಹಾಡುಗಳಲ್ಲಿ ಬೆಳೆದವರು ನಾವು. ಒಬ್ಬ ಎತ್ತಿಕೊಡ್ತಾನೆ, ನೂರು ಜನ ಅದೇ ಧಾಟಿ ತಿರುಗಿ ಹೇಳ್ತಾರೆ. ಪಿಚ್ಚಳ್ಳಿ ಶ್ರೀನಿವಾಸ್, ಜನ್ನಿ ಇವರ ದನಿ ಹಿಂದೆ ದನಿ ಸೇರಿಸಿದವರಿಗೆ, ಪಕ್ಕದವನಿಗಿಂತ ಬೇರೆ ಸ್ವರ ಹಿಡಿಯೋದು ದ್ರೋಹ ಮಾಡ್ದಂಗೆ ಅನ್ಸುತ್ತೆ. ನಮ್ಮ ತಮಟೆಯ ಹುಡುಗ ಕೈ ಸುಮ್ನೆ ಇಟ್ಕೊಳ್ಳೋಕೆ ತಿಂಗಳು ತಗೊಂಡ. ಒಂದು ಹೋರಾಟದ ಹಾಡನ್ನ ನಾಲ್ಕು ದನಿಗೆ ಹಾಕಿದಾಗ ಹೆಣ್ಣುಮಕ್ಕಳಲ್ಲಿ ಒಬ್ಬರು, ‘ಇದು ಸಿಹಿ ಆಗೋಯ್ತು, ಸಿಟ್ಟು ಎಲ್ಲಿ?’ ಅಂದ್ರು. ಅವರು ಹೇಳಿದ್ದು ನಿಜ. ಆ ಹಾಡು ಬಿಟ್ವಿ. ಈಗ ಹಳೇ ಸಿನಿಮಾ ಹಾಡುಗಳಲ್ಲಿ ಕಲೀತಿದ್ದೀವಿ.

ಹೋದ ತಿಂಗಳು ಜಗಳ ಬಂತು. ಮೇಷ್ಟ್ರು ಒಂದು ಬೈಲಾ ಬರ್ಕೊಂಡು ಬಂದಿದ್ರು. ಸಂಘ ನೋಂದಣಿ ಮಾಡಿಸೋಣ, ಅಧ್ಯಕ್ಷ, ಖಜಾಂಚಿ, ಸದಸ್ಯತ್ವ ಶುಲ್ಕ, ಸೇರೋಕೆ ಮುಂಚೆ ದನಿ ಪರೀಕ್ಷೆ, ಇಬ್ಬರು ಹಳೇ ಸದಸ್ಯರ ಶಿಫಾರಸು. ಒಳ್ಳೆಯ ಉದ್ದೇಶವೇ. ಆದ್ರೆ ಆ ‘ಶಿಫಾರಸು’ ಅನ್ನೋ ಪದ ನನ್ನ ಗಂಟಲಿಗೆ ಸಿಕ್ಕೊಂಡ್ತು. ಯಾಕೆ ಅಂತ ಹೇಳೋಕೆ ಈ ಹಾಡಿನ ಚರಿತ್ರೆ ಹೇಳ್ಬೇಕಾಯ್ತು. ಆವತ್ತು ಅಲ್ಲಿ ಹೇಳಿದ್ದನ್ನ ಇಲ್ಲಿ ಬರೀತಿದ್ದೀನಿ.

ಬಾರ್ಬರ್‌ಶಾಪ್ ಕ್ವಾರ್ಟೆಟ್ ಅಂದ್ರೆ ಪಟ್ಟೆ ಕೋಟು, ಹುಲ್ಲಿನ ಟೋಪಿ ಹಾಕಿದ ನಾಲ್ಕು ಜನ ಬಿಳಿಯ ಗಂಡಸರು, ಅದೇ ಚಿತ್ರ ತಲೇಲಿ ಬರುತ್ತೆ. 1936ರಲ್ಲಿ ನಾರ್ಮನ್ ರಾಕ್‌ವೆಲ್ ಪತ್ರಿಕೆಯೊಂದರ ಮುಖಪುಟಕ್ಕೆ ಬರೆದ ಚಿತ್ರದಲ್ಲೂ ಬಿಳಿಯರೇ. ಆದ್ರೆ ಕಪ್ಪು ಜನರ ಹಾಡುಗಳನ್ನ ಸಂಗ್ರಹಿಸಿದ ಜೇಮ್ಸ್ ವೆಲ್ಡನ್ ಜಾನ್ಸನ್, 1925ರ ತಮ್ಮ ಪುಸ್ತಕದ ಮುನ್ನುಡಿಯಲ್ಲೇ, ತಾವು ಬೆಳೆದ ಫ್ಲೋರಿಡಾದ ಜಾಕ್ಸನ್‌ವಿಲ್ಲಿನಲ್ಲಿ ಕಪ್ಪು ಜನರ ಕ್ಷೌರದಂಗಡಿಗಳಲ್ಲಿ ಇಂಥ ಹಾಡುಗಾರಿಕೆ ಇದ್ದದ್ದನ್ನ ಬರೆದಿದ್ದಾರೆ. ಲೂಯಿ ಆರ್ಮ್‌ಸ್ಟ್ರಾಂಗ್ ತುತ್ತೂರಿ ಹಿಡಿಯೋ ಮುಂಚೆ ನ್ಯೂ ಆರ್ಲಿಯನ್ಸಿನ ಬೀದಿಗಳಲ್ಲಿ ಹುಡುಗರ ಕ್ವಾರ್ಟೆಟಲ್ಲಿ ಹಾಡ್ತಿದ್ದ. ಲೋಕಪ್ರಸಿದ್ಧ ಮಿಲ್ಸ್ ಬ್ರದರ್ಸ್ ಅವರ ಅಪ್ಪ ಒಹಾಯೋದ ಪಿಕ್ವಾ ಊರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದವರು. ಇದನ್ನೆಲ್ಲ ಜೋಡಿಸಿ, ಈ ಸಂಗೀತದ ಬೇರು ಕಪ್ಪು ಜನರಲ್ಲಿದೆ ಅಂತ ಲಿನ್ ಅಬ್ಬಾಟ್ ಅನ್ನೋ ಸಂಶೋಧಕ ವಿವರವಾಗಿ ವಾದಿಸಿದ್ದು 1992ರಲ್ಲಿ. ಅಷ್ಟೊತ್ತಿಗೆ ಬಿಳಿಯರ ಸಂಘಕ್ಕೆ ಐವತ್ತು ವರ್ಷ ದಾಟಿತ್ತು.

ಇನ್ನೊಂದು ಮಾತಿದೆ, ಅದು ನನ್ನನ್ನ ಹೆಚ್ಚು ಕಾಡೋದು. ಗುಲಾಮಗಿರಿಯ ಕಾಲದಿಂದಲೂ ಅಮೆರಿಕದಲ್ಲಿ ಬಹಳಷ್ಟು ಕ್ಷೌರಿಕರು ಕಪ್ಪು ಜನರೇ. ಆದ್ರೆ ಅವರಲ್ಲಿ ಎಷ್ಟೋ ಮಂದಿಯ ಕುರ್ಚಿಯಲ್ಲಿ ಕೂರ್ತಿದ್ದದ್ದು ಬಿಳಿಯರು ಮಾತ್ರ. ತಮ್ಮವನೇ ಬಂದು ಬಾಗಿಲಲ್ಲಿ ನಿಂತ್ರೂ ‘ಆಗಲ್ಲಪ್ಪ’ ಅನ್ಬೇಕಿತ್ತು. ಕೂರಿಸಿದ್ರೆ ಬಿಳಿ ಗಿರಾಕಿ ಎದ್ದು ಹೋಗ್ತಿದ್ದ, ಹೊಟ್ಟೆಪಾಡು ನಿಲ್ತಿತ್ತು. ಗುಲಾಮನಾಗಿ ಹುಟ್ಟಿ, ಮುಂದೆ 1898ರಲ್ಲಿ ಕಪ್ಪು ಜನರ ದೊಡ್ಡ ವಿಮಾ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಡರ್ಹ್ಯಾಮಿನ ಜಾನ್ ಮೆರಿಕ್ ಕೂಡ ಬಿಳಿಯರಿಗೆ ಬೇರೆ ಅಂಗಡಿ, ತನ್ನವರಿಗೆ ಬೇರೆ ಅಂಗಡಿ ನಡೆಸಿದ. ತಮ್ಮವರಿಗೇ ಅಂತ ಅಂಗಡಿ ತೆರೆದಲ್ಲಿ ಕ್ಷೌರದಂಗಡಿ ಬರೀ ಕ್ಷೌರದಂಗಡಿಯಾಗಿ ಉಳೀಲಿಲ್ಲ. ಬಿಳಿಯರ ಕಣ್ಣು ತಪ್ಪಿಸಿ ಕೂರೋಕೆ, ಪೇಪರ್ ಓದೋಕೆ, ಜಗಳಾಡೋಕೆ, ಹಾಡೋಕೆ ಒಂದು ಜಾಗ ಆಯ್ತು.

ಇದನ್ನ ಹೇಳ್ವಾಗ ನನ್ನ ಗೆಳೆಯ ಕತ್ತರಿ ಒರೆಸ್ತಾ ಇದ್ದೋನು ನಿಲ್ಲಿಸಿದ. ಅವನು ಸವಿತಾ ಸಮಾಜದವನು. ಯಾಕೆ ನಿಲ್ಲಿಸಿದ ಅಂತ ನನಗೆ ಗೊತ್ತು.

2020ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದ ಸುದ್ದಿ ಓದಿರ್ತೀರಿ. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಸಲೂನಿನವನ ಕುಟುಂಬಕ್ಕೆ ಬಹಿಷ್ಕಾರ, 50,000 ರೂಪಾಯಿ ದಂಡ ಅಂತ ವರದಿಯಾಗಿತ್ತು. ಅಲ್ಲಿ ಕತ್ತರಿ ಹಿಡಿದೋನೇ ನಮ್ಮ ಪರ ನಿಂತು ಪೆಟ್ಟು ತಿಂದ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ, ಕ್ಷೌರದ ವಿಚಾರಕ್ಕೆ ಶುರುವಾದ ಮಾತು ದಲಿತ ಯುವಕನ ಕೊಲೆಯಲ್ಲಿ ಮುಗೀತು. ಅಲ್ಲಿ ಅದೇ ಕತ್ತರಿ ನಮ್ಮ ಮೇಲೆ ಬಂತು. ಎರಡೂ ಒಂದೇ ವ್ಯವಸ್ಥೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ: ಪ್ರತಿ ಮೆಟ್ಟಿಲಿಗೂ ತುಳಿಯೋಕೆ ಇನ್ನೊಂದು ಮೆಟ್ಟಿಲು ಕೊಟ್ಟಿರೋದು. ನಮ್ಮಪ್ಪನ ಕೂದಲು ಹಳ್ಳಿಯಲ್ಲಿ ಹುಣಸೆಮರದ ಕೆಳಗೆ ನಮ್ಮ ಚಿಕ್ಕತಾತನೇ ಕತ್ತರಿಸ್ತಿದ್ದದ್ದು. ಬೆಂಗಳೂರಿಗೆ ಬಂದು ಮೊದಲ ಸಲ ಸಲೂನಿನ ತಿರುಗೋ ಕುರ್ಚಿಯಲ್ಲಿ ಕೂತಾಗ, ಕನ್ನಡಿಯಲ್ಲಿ ತನ್ನ ಬೆನ್ನು ನೋಡಿ ನಗು ಬಂತು ಅಂತಿದ್ರು. ‘ನನ್ನ ಹಿಂದ್ಲೆ ಹೆಂಗಿದೆ ಅಂತ ಆವತ್ತೇ ಗೊತ್ತಾಗಿದ್ದು.’

ಸಂಗೀತದಲ್ಲೂ ಹಂಗೇ. ನನ್ನ ಗೆಳೆಯನ ತಾತ ವಾಲಗದವರು. ನಮ್ಮ ಕಡೆ ಎಷ್ಟೋ ಊರಲ್ಲಿ ಕ್ಷೌರದ ಮನೆತನದವರೇ ನಾಗಸ್ವರ, ಡೋಲು ಹಿಡೀತಾರೆ. ಮದುವೆಗೆ ಅವರ ಉಸಿರು ಮಂಗಳ, ಬೆಳಗ್ಗೆ ಎದುರು ಸಿಕ್ಕಿದ್ರೆ ಅವರ ಮುಖ ಅಪಶಕುನ! ನನ್ನ ತಾತ ತಮಟೆಯವರು. ಜಾತ್ರೆಯಲ್ಲಿ ವಾಲಗ ದೇವಸ್ಥಾನದ ಬಾಗಿಲ ಹತ್ರ, ತಮಟೆ ಅದಕ್ಕಿಂತ ಇಷ್ಟು ದೂರ. ಎರಡೂ ಇಲ್ದಿದ್ರೆ ದೇವರು ಹೊರಡಲ್ಲ. ಆದ್ರೂ ಆ ಇಬ್ಬರು ತಾತಂದಿರು ಎದುರುಬದುರು ಕೂತು ಒಂದೇ ಹಾಡು ನುಡಿಸಿದ್ದನ್ನ ನಮ್ಮಿಬ್ಬರ ಮನೆಯಲ್ಲೂ ಯಾರೂ ನೋಡಿಲ್ಲ.

ಈಗ ಸಂಘದ ಕಥೆಗೆ ಬರ್ತೀನಿ. 1938ರ ಏಪ್ರಿಲ್ 11. ಒಕ್ಲಹೋಮಾ ರಾಜ್ಯದ ಟಲ್ಸಾ ನಗರ. ಓ.ಸಿ. ಕ್ಯಾಶ್ ಅನ್ನೋ ತೆರಿಗೆ ವಕೀಲ, ರೂಪರ್ಟ್ ಹಾಲ್ ಅನ್ನೋ ಬಂಡವಾಳಗಾರ ಸೇರಿ, ಒಂದು ಕ್ಲಬ್ಬಿನ ತಾರಸಿಗೆ ಹಾಡೋಕೆ ಬನ್ನಿ ಅಂತ ಗೆಳೆಯರನ್ನ ಕರೆದ್ರು. 26 ಜನ ಬಂದ್ರು. ತಮಾಷೆಗೆ ಒಂದು ಮಾರುದ್ದದ ಹೆಸರು ಇಟ್ಕೊಂಡ್ರು. ಅಮೆರಿಕದ ಬಾರ್ಬರ್‌ಶಾಪ್ ಕ್ವಾರ್ಟೆಟ್ ಹಾಡುಗಾರಿಕೆಯನ್ನ ಸಂರಕ್ಷಿಸುವ, ಪ್ರೋತ್ಸಾಹಿಸುವ ಸಂಘ ಅಂತ. ನಮ್ಮ ಮಂಗಳವಾರದಂಗೇ ಇತ್ತು ಅದು, ಪಾಪ. ಗೆಳೆಯರು, ಸಂಜೆ, ಹಾಡು.

ಆದ್ರೆ ಅದೇ ಟಲ್ಸಾದಲ್ಲಿ, ಅದಕ್ಕೆ 17 ವರ್ಷ ಮುಂಚೆ, 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಗ್ರೀನ್‌ವುಡ್ ಅನ್ನೋ ಕಪ್ಪು ಜನರ ಬಡಾವಣೆಯನ್ನ ಸುಟ್ಟು ಹಾಕಿತ್ತು. ಸುಮಾರು 35 ಬ್ಲಾಕುಗಳು, ಮನೆ, ಅಂಗಡಿ, ಚರ್ಚು, ಎಲ್ಲ ಬೂದಿ. ತಾರಸಿ ಮೇಲೆ ಹಾಡಿದ ಆ 26 ಜನರಿಗೂ ಬೆಂಕಿಗೂ ಸಂಬಂಧ ಕಟ್ತಿಲ್ಲ ನಾನು. ‘ಸಂರಕ್ಷಣೆ’ ಅನ್ನೋ ಪದ ಯಾವ ಊರಿನಲ್ಲಿ ಹುಟ್ತು ಅಂತ ಮಾತ್ರ ಹೇಳ್ತಿದ್ದೀನಿ.

ಮೂರೇ ವರ್ಷಕ್ಕೆ ಬಾಗಿಲು ಯಾರಿಗೆ ಅನ್ನೋ ಪ್ರಶ್ನೆ ಬಂತು. 1941ರಲ್ಲಿ ನ್ಯೂಯಾರ್ಕಿನ ಸ್ಪರ್ಧೆಯನ್ನ ಗೆದ್ದದ್ದು ‘ಗ್ರ್ಯಾಂಡ್ ಸೆಂಟ್ರಲ್ ರೆಡ್ ಕ್ಯಾಪ್ಸ್’. ರೈಲ್ವೆ ನಿಲ್ದಾಣದಲ್ಲಿ ಕೆಂಪು ಟೋಪಿ ಹಾಕಿ ಪೆಟ್ಟಿಗೆ ಹೊರೋ ಕೂಲಿಗಳು, ಕಪ್ಪು ಜನ. ಸೇಂಟ್ ಲೂಯಿಯ ರಾಷ್ಟ್ರೀಯ ಸ್ಪರ್ಧೆಗೆ ಅವರು ಹೋಗ್ಬೇಕಿತ್ತು. ಸಂಘ ಬಿಡಲಿಲ್ಲ. ಅದನ್ನ ವಿರೋಧಿಸಿ ರಾಜ್ಯದ ಮಾಜಿ ಗವರ್ನರ್ ಆಲ್ ಸ್ಮಿತ್, ಉದ್ಯಾನ ಆಯುಕ್ತ ರಾಬರ್ಟ್ ಮೋಸಸ್ ಸಂಘ ಬಿಟ್ಟು ಹೊರಬಂದ್ರು. ಸಂಘ ಜಗ್ಗಲಿಲ್ಲ. ಕಪ್ಪು ಜನಕ್ಕೆ ಸದಸ್ಯತ್ವದ ಬಾಗಿಲು ತೆರೆದದ್ದು 1963ರಲ್ಲಿ. ಅವರದೇ ಅಂಗಡಿಯ ಹಾಡು, ಅವರೇ 22 ವರ್ಷ ಹೊರಗೆ ನಿಂತ್ರು.

ಹೆಂಗಸರ ಸಂಘ ‘ಸ್ವೀಟ್ ಅಡಲೈನ್ಸ್’ 1945ರಲ್ಲಿ, ಅದೇ ಟಲ್ಸಾದಲ್ಲೇ ಶುರುವಾಯ್ತು. ಗಂಡಸರು ಒಳಗೆ ಬಿಡಲ್ಲ ಅಂತ ಬೇರೆ ಕಟ್ಟಿಕೊಂಡವರು ತಾವೂ ಕಪ್ಪು ಹೆಂಗಸರನ್ನ ಹೊರಗಿಟ್ರು. ಅದನ್ನ ಒಪ್ಪದೆ ಕೆಲವು ಶಾಖೆಗಳು ಸಿಡಿದು 1959ರಲ್ಲಿ ‘ಹಾರ್ಮನಿ ಇನ್‌ಕಾರ್ಪೊರೇಟೆಡ್’ ಕಟ್ಟಿದವು. ಗಂಡಸರ ಮೂಲ ಸಂಘ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 2018ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ.

ಇಷ್ಟು ಹೇಳಿ, ‘ಅದಕ್ಕೇ ಬೈಲಾ ಬೇಡ, ಹೀಗೇ ಇರೋಣ’ ಅಂದೆ. ಗೆದ್ದೆ ಅಂದ್ಕೊಂಡಿದ್ದೆ.

ಸಿಟ್ಟಿನ ಪ್ರಶ್ನೆ ಕೇಳಿದ್ದ ಅದೇ ಹೆಣ್ಣುಮಗಳು ಬಾಯಿಬಿಟ್ರು. ‘ಅಣ್ಣಾ, ನಮ್ಮನ್ನ ಹುಣಸೆಮರದ ಕೆಳಗೆ ಕೂರಿಸಿದ್ದು ಯಾವ ಬೈಲಾ? ಬರೆದಿಟ್ಟಿದ್ರಾ ಅದನ್ನ? ಬರೀದೇ ಇರೋದ್ರಿಂದಾನೇ ಅಲ್ವಾ ಯಾರೂ ಹರಿಯೋಕಾಗದೇ ಇದ್ದಿದ್ದು? ಬಾಬಾಸಾಹೇಬರು ಬರೆದಿದ್ದಕ್ಕೇ ತಾನೇ ನಾನು ಈ ಸಲೂನೊಳಗೆ ನಿಂತಿರೋದು? ಮೊದಲ ತಿಂಗಳು ನನಗೆ ಯಾರೂ ಬೇಸ್ ಕಲಿಸಲಿಲ್ಲ, ಹೆಣ್ಣಿಗೆ ಬರಲ್ಲ ಅಂದ್ರಿ. ಅದೂ ಬರೆದಿರ್ಲಿಲ್ಲ.’

ನನ್ನ ಹತ್ರ ಉತ್ತರ ಇರ್ಲಿಲ್ಲ. ಹಾಗಂದಿದ್ದು ನಾನೇ. 17ನೇ ವಿಧಿಯನ್ನ ಬಾಯಿಪಾಠ ಹೇಳೋ ನಾನು, ಶಾಸನಕ್ಕಿಂತ ಸ್ನೇಹ ದೊಡ್ಡದು ಅಂತ ವಾದ ಮಾಡ್ತಾ ನಿಂತಿದ್ದೆ. ಸ್ನೇಹ ಅಂದ್ರೆ ಯಾರ ಸ್ನೇಹ? ಟಲ್ಸಾದ ತಾರಸಿಗೂ ಬಂದಿದ್ದವರು ಗೆಳೆಯರೇ.

ಮೇಷ್ಟ್ರ ಹಾಳೆಯನ್ನ ಮತ್ತೆ ಬಿಚ್ಚಿದ್ವಿ. ಶುಲ್ಕ ಹೊಡೆದು ಹಾಕಿದ್ವಿ. ಶಿಫಾರಸು, ದನಿ ಪರೀಕ್ಷೆ ಹೊಡೆದು ಹಾಕಿದ್ವಿ. ಅಧ್ಯಕ್ಷ ಗಿರಿ ಹೋಯ್ತು. ಮೇಷ್ಟ್ರ ಮುಖ ಸಣ್ಣಗಾಯ್ತು. ಮೂರು ಸಾಲು ಉಳಿದವು, ಒಂದನ್ನ ಹೊಸದಾಗಿ ಸೇರಿಸಿದ್ವಿ. ಬಂದವರೆಲ್ಲ ಹಾಡಬಹುದು. ಯಾರು ಯಾವ ದನಿ ಬೇಕಾದ್ರೂ ಕೇಳಿ ಕಲೀಬಹುದು, ಕಲಿಸೋದಿಲ್ಲ ಅನ್ನೋ ಹಾಗಿಲ್ಲ. ‘ನೀವು ಯಾವ ಕಡೆಯೋರು, ಯಾವ ಪೈಕಿ’ ಅಂತ ಯಾರೂ ಯಾರನ್ನೂ ಕೇಳಬಾರದು. ಕೊನೇದನ್ನ ಅಂಗಡಿಯೋನು ಬರೆಸಿದ: ಹಾಡೋವಾಗ ಷಟರ್ ಪೂರ್ತಿ ಎತ್ತಿರಬೇಕು. ಅಕ್ಕಪಕ್ಕದ ಅಂಗಡಿಯೋರು ಏನಂತಾರೋ ಅಂತ ಇಷ್ಟು ದಿನ ಅರ್ಧಕ್ಕೆ ಇಳಿಸ್ತಿದ್ದೋನು ಅವನೇ.

ಹಾಳೆಯನ್ನ ದರಪಟ್ಟಿಯ ಪಕ್ಕ ಅಂಟಿಸಿದ್ದೀವಿ. ಹೋದ ಮಂಗಳವಾರ ಷಟರ್ ಪೂರ್ತಿ ಎತ್ತಿತ್ತು. ಬೇಸ್ ಅವರೇ ಹಾಡಿದ್ರು, ಇನ್ನೂ ನಡುಗುತ್ತೆ ದನಿ. ರಸ್ತೆಯಲ್ಲಿ ತರಕಾರಿ ಗಾಡಿಯ ಹುಡುಗ ನಿಂತು ಕೇಳ್ತಿದ್ದ. ಒಳಗೆ ಬಾ ಅಂದ್ವಿ. ಗಾಡಿ ಯಾರು ನೋಡ್ಕೋತಾರೆ ಅಂದ. ಗಾಡಿಯನ್ನ ಬಾಗಿಲಿಗೆ ಅಡ್ಡ ನಿಲ್ಲಿಸ್ಕೊಂಡು ಅಲ್ಲೇ ನಿಂತು ಟೆನರ್ ಹಿಡಿದ.