ಮಾತ್ರೆಗೆ ಜಗ್ಗದ ಬೆನ್ನುನೋವು: ಮುಂದಿನ ದಾರಿ ಯಾವುದು?

ಸಂಜೆಯ ಹೊತ್ತು ಯಾವುದೇ ಊರಿನ ಔಷಧದಂಗಡಿಯ ಮುಂದೆ ಸ್ವಲ್ಪ ಸಮಯ ನಿಂತರೆ ‘ಸೊಂಟನೋವಿಗೆ ಎರಡು ಮಾತ್ರೆ ಕೊಡಿ’ ಎಂದು ಕೇಳುವವರು ಒಬ್ಬರಾದರೂ ಕಾಣಸಿಗುತ್ತಾರೆ. ಅವರಲ್ಲಿ ಬಸ್ ಚಾಲಕರಿರುತ್ತಾರೆ, ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದವರಿರುತ್ತಾರೆ, ಬೀಡಿ ಕಟ್ಟುವ ಮಹಿಳೆಯರಿರುತ್ತಾರೆ, ಕಂಪ್ಯೂಟರಿನ ಮುಂದೆ ಹತ್ತು ತಾಸು ಕೂರುವವರೂ ಇರುತ್ತಾರೆ. ಬಹುತೇಕರ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ಪಾಲು ಜನರಿಗೆ ಮಾತ್ರ ಹಾಗಾಗುವುದಿಲ್ಲ. ತಿಂಗಳುಗಳು ಉರುಳುತ್ತವೆ, ಮಾತ್ರೆಯ ಬಣ್ಣ ಬದಲಾಗುತ್ತದೆ, ವೈದ್ಯರೂ ಬದಲಾಗುತ್ತಾರೆ, ನೋವು ಕದಲುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರಲಿದೆಯೆಂಬ ಲೆಕ್ಕಾಚಾರವಿದೆ. ಮನುಷ್ಯನನ್ನು ದುಡಿಮೆಗೆ ಅಸಮರ್ಥನನ್ನಾಗಿಸುವ ಕಾರಣಗಳ ಪೈಕಿ ಇದಕ್ಕೇ ಮೊದಲ ಸ್ಥಾನ. ಇಷ್ಟು ವ್ಯಾಪಕವಾದ ಕಾಯಿಲೆಗೆ ಮಾತ್ರೆಯ ಬಲ ಇಷ್ಟು ಕಡಿಮೆಯೇಕೆ, ಮಾತ್ರೆ ಕೈಕೊಟ್ಟ ಮೇಲೆ ಉಳಿಯುವುದೇನು ಎಂಬುದು ಸಾವಿರಾರು ಮನೆಗಳ ಪ್ರಶ್ನೆ.

ಮೊದಲು ಖಚಿತವಾಗಬೇಕಾದದ್ದು

ಔಷಧ ನಾಟದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಔಷಧದ ಬಗ್ಗೆ ಅಲ್ಲ, ರೋಗನಿದಾನದ ಬಗ್ಗೆ. ಬೆನ್ನುನೋವಿನ ಬಹುಪಾಲು ಪ್ರಕರಣಗಳಲ್ಲಿ ಅಪಾಯಕಾರಿಯಾದ ಕಾರಣ ಇರುವುದಿಲ್ಲ. ಇರುವ ಕೆಲವೇ ಪ್ರಕರಣಗಳು ತಪ್ಪಿಹೋಗಬಾರದು.

ನಮ್ಮ ದೇಶದಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಬೆನ್ನುಮೂಳೆಯ ಕ್ಷಯ. ಕ್ಷಯವೆಂದರೆ ಕೆಮ್ಮು, ಕಫ ಎಂಬ ನಂಬಿಕೆ ಗಟ್ಟಿಯಾಗಿರುವುದರಿಂದ ಇದು ತಿಂಗಳುಗಟ್ಟಲೆ ಗುರುತು ಸಿಗದೆ ಉಳಿದುಬಿಡುತ್ತದೆ. ರಾತ್ರಿ ಹೊತ್ತು ಹೆಚ್ಚುವ ನೋವು, ಸಂಜೆಯ ಸಣ್ಣ ಜ್ವರ, ಹಸಿವೆ ಮತ್ತು ತೂಕ ಇಳಿಯುವುದು ಇದರ ಸೂಚನೆಗಳು. ನೋವಿನ ಮಾತ್ರೆ ಇಲ್ಲಿ ರೋಗವನ್ನು ಮುಚ್ಚಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಸಕಾಲದಲ್ಲಿ ಪತ್ತೆಯಾದರೆ ಕ್ಷಯದ ಔಷಧದಿಂದಲೇ ಬಹುತೇಕರು ಗುಣವಾಗುತ್ತಾರೆ. ಆ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ತಡವಾದರೆ ಕಾಲುಗಳ ಬಲವೇ ಹೋಗಬಹುದು.

ಇಪ್ಪತ್ತು, ಮೂವತ್ತರ ವಯಸ್ಸಿನವರಲ್ಲಿ ಬೆಳಗ್ಗೆ ಅರ್ಧ ತಾಸಿಗೂ ಮೀರಿ ಬೆನ್ನು ಮರಗಟ್ಟಿದಂತಿದ್ದು, ಓಡಾಡಿದಂತೆ ಸಡಿಲಗೊಂಡು, ವಿಶ್ರಾಂತಿ ಪಡೆದರೆ ಮತ್ತೆ ಬಿಗಿಯಾಗುತ್ತಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆಯಿರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ, ಬೇರೆಯೇ ತಜ್ಞರಿದ್ದಾರೆ. ವಯಸ್ಸಾದ ಮಹಿಳೆಯರಲ್ಲಿ ಒಮ್ಮೆಲೇ ಕಾಣಿಸಿಕೊಂಡ ತೀವ್ರ ನೋವು ಟೊಳ್ಳಾದ ಕಶೇರುಮಣಿ ಕುಸಿದುದರ ಲಕ್ಷಣವಾಗಿರಬಹುದು. ಹಿಂದೆ ಕ್ಯಾನ್ಸರ್ ಬಂದಿದ್ದವರು ಹೊಸ ಬೆನ್ನುನೋವನ್ನು ಹಗುರವಾಗಿ ಕಾಣುವಂತಿಲ್ಲ.

ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲವಿಸರ್ಜನೆಯ ಹಿಡಿತ ತಪ್ಪುವುದು, ತೊಡೆಗಳ ಸಂದು ಹಾಗೂ ಗುದದ ಸುತ್ತ ಸ್ಪರ್ಶವೇ ತಿಳಿಯದಂತಾಗುವುದು, ಎರಡೂ ಕಾಲು ಸೋಲುವುದು - ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ, ಆ ಗಂಟೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳತುದಿಯ ನರಗಳ ಕಟ್ಟು ಒತ್ತಡಕ್ಕೆ ಸಿಕ್ಕಿರುವ ಸೂಚನೆಯಿದು. ‘ನಾಳೆ ನೋಡೋಣ’ ಎಂಬ ಮಾತಿಗೆ ಇಲ್ಲಿ ಅವಕಾಶವಿಲ್ಲ.

ಮಾತ್ರೆಯ ಮಿತಿ

ಇವು ಯಾವುವೂ ಅಲ್ಲವೆಂದು ಖಚಿತವಾದ ಬಳಿಕವೂ ಮಾತ್ರೆ ಫಲ ಕೊಡದಿದ್ದರೆ ರೋಗಿಯು ತನ್ನನ್ನೇ ಶಂಕಿಸಿಕೊಳ್ಳಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ 1,652 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಪ್ಯಾರಾಸಿಟಮಾಲ್ ನುಂಗಿದವರೂ ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ, ಅಂದರೆ ಸುಮಾರು 17 ದಿನಗಳಲ್ಲಿ ಚೇತರಿಸಿಕೊಂಡರು. ಕಾಲಿಗೆ ಇಳಿಯುವ ನರದ ನೋವಿಗೆ ಧಾರಾಳವಾಗಿ ಬರೆದುಕೊಡುವ ಪ್ರಿಗ್ಯಾಬಲಿನ್ ಕೂಡ 2017ರ ಅಧ್ಯಯನದಲ್ಲಿ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. ತಲೆಸುತ್ತು ಮಾತ್ರ ಹೆಚ್ಚಿಸಿತು. ಅಫೀಮು ವರ್ಗದ ಪ್ರಬಲ ಔಷಧವೂ ಹೊಸ ಸೊಂಟನೋವು, ಕತ್ತುನೋವುಗಳಲ್ಲಿ ಹುಸಿ ಮಾತ್ರೆಗಿಂತ ಹೆಚ್ಚಿನದೇನನ್ನೂ ಸಾಧಿಸಲಿಲ್ಲವೆಂದು 2023ರಲ್ಲಿ ಸಿಡ್ನಿಯ ಸಂಶೋಧಕರು ವರದಿ ಮಾಡಿದರು. ಡೈಕ್ಲೋಫೆನಾಕ್‌ನಂತಹ ಉರಿಯೂತ ನಿವಾರಕಗಳಿಂದ ಕೊಂಚ ಪ್ರಯೋಜನವಿದೆ. ಆದರೆ ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣು, ರಕ್ತದೊತ್ತಡದ ಏರಿಕೆ, ಮೂತ್ರಪಿಂಡಕ್ಕೆ ಪೆಟ್ಟು ಉಂಟಾಗುವ ಅಪಾಯವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಇವನ್ನು ಅಂಗಡಿಯಿಂದ ನೇರವಾಗಿ ತಂದು ನುಂಗುವುದು ಅಪಾಯವನ್ನು ಮನೆಗೆ ಕರೆದಂತೆ.

ಇನ್ನೂ ಒಂದು ಅಪಾಯ ಹೆಸರಿಲ್ಲದ ಪುಡಿಗಳದು. ‘ಮೂರೇ ದಿನದಲ್ಲಿ ಗುಣ’ ಎಂದು ಮಾರುವ ಪೊಟ್ಟಣಗಳಲ್ಲಿ ಸ್ಟೆರಾಯ್ಡ್ ಬೆರಕೆಯಾಗಿರುವುದು ಪರೀಕ್ಷೆಗಳಲ್ಲಿ ಪದೇ ಪದೇ ಪತ್ತೆಯಾಗಿದೆ. ಮೂರು ದಿನದಲ್ಲಿ ನೋವು ಇಳಿಯುವುದು ನಿಜ. ಕಾಲಾಂತರದಲ್ಲಿ ಅದೇ ಪುಡಿ ಮೂಳೆಯನ್ನು ಟೊಳ್ಳಾಗಿಸಿ ಬೆನ್ನನ್ನೇ ಮುರಿಯುವುದೂ ಅಷ್ಟೇ ನಿಜ.

ಹಾಗೆಂದು, ಈಗಾಗಲೇ ಬಹುದಿನಗಳಿಂದ ಪ್ರಿಗ್ಯಾಬಲಿನ್, ಟ್ರಮಡಾಲ್ ಮುಂತಾದವನ್ನು ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸುವುದು ಸಲ್ಲದು. ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿ ಇಳಿಸಬೇಕಾಗುತ್ತದೆ.

ಸ್ಕ್ಯಾನ್ ವರದಿಯ ಭಯ

ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಸವೆದಿದೆ’, ‘ಡಿಸ್ಕ್ ಉಬ್ಬಿದೆ’ ಎಂಬ ಸಾಲು ಓದಿದ ದಿನದಿಂದ ಬಗ್ಗುವುದನ್ನೇ ಬಿಟ್ಟವರು ಅನೇಕ. ಆದರೆ ಯಾವ ನೋವೂ ಇಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡ ಅಧ್ಯಯನಗಳ ಪರಿಶೀಲನೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 20ರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತವಿತ್ತು. 80ರವರಲ್ಲಿ ಅದು ಶೇ. 96. ಇವರಾರಿಗೂ ಬೆನ್ನುನೋವು ಇರಲಿಲ್ಲ! ತಲೆಗೂದಲು ನರೆಯುವಂತೆ ಡಿಸ್ಕ್ ಕೂಡ ವಯಸ್ಸಿನೊಂದಿಗೆ ಸವೆಯುತ್ತದೆ. ಎಷ್ಟೋ ಸಲ ವರದಿಯ ಭಾಷೆಯೇ ಅರ್ಧ ರೋಗವೆನ್ನಬೇಕು.

ಹಾಗಾದರೆ ನೋವು ಸುಳ್ಳೇ? ಖಂಡಿತ ಅಲ್ಲ. ಪೆಟ್ಟಾದ ಜಾಗದಿಂದ ಹೊರಟ ಸಂದೇಶ ಮಿದುಳಿಗೆ ಹಾಗೆಯೇ ತಲುಪುವುದಿಲ್ಲ, ಬೆನ್ನುಹುರಿಯಲ್ಲಿ ಅದನ್ನು ಏರಿಳಿಸುವ ‘ದ್ವಾರ’ವಿದೆಯೆಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ಪ್ರತಿಪಾದಿಸಿದ್ದರು. ಮೂರು ತಿಂಗಳಿಗೂ ಮೀರಿದ ನೋವಿನಲ್ಲಿ ಅನೇಕರ ನರವ್ಯೂಹವೇ ಅತಿಸೂಕ್ಷ್ಮವಾಗಿಬಿಡುತ್ತದೆ. ಒಮ್ಮೆ ಕಳ್ಳನನ್ನು ಕಂಡ ಮನೆಯ ನಾಯಿ ಆಮೇಲೆ ತರಗೆಲೆ ಬಿದ್ದರೂ ಬೊಗಳುತ್ತದಲ್ಲ, ಹಾಗೆ. ಬೊಗಳುವಿಕೆ ನಿಜ, ಕಳ್ಳನಿಲ್ಲ. ನಿದ್ರೆ ಕೆಟ್ಟ ರಾತ್ರಿ, ಸಾಲದ ಚಿಂತೆ, ಕೆಲಸ ಹೋಗುವ ಭಯ ಇವೆಲ್ಲ ಆ ಸೂಕ್ಷ್ಮತೆಯನ್ನು ಇನ್ನಷ್ಟು ಕೆರಳಿಸುತ್ತವೆ. ಪೆಟ್ಟಾದ ಜಾಗವನ್ನೇ ಗುರಿಯಾಗಿಸಿದ ಮಾತ್ರೆ ಇಲ್ಲಿ ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಮಲಗುವುದಲ್ಲ, ಅಳೆದು ನಡೆಯುವುದು

ಹಿಂದೆ ಬೆನ್ನುನೋವೆಂದರೆ ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಿದವರನ್ನೂ ಹೋಲಿಸಿದಾಗ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ದಿನ ಮಲಗಿದವರು ಬೇಗ ಕೆಲಸಕ್ಕೆ ಮರಳಿದ್ದರು. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಭಯ ಬೆಳೆಯುತ್ತದೆ.

ಇದರ ವಿರುದ್ಧ ತುದಿಯ ತಪ್ಪೂ ಅಷ್ಟೇ ಸಾಮಾನ್ಯ. ನೋವು ಕಡಿಮೆಯಿರುವ ಒಂದು ದಿನ ಗೃಹಿಣಿಯೊಬ್ಬರು ಬಾಕಿ ಉಳಿದ ಬಟ್ಟೆಯನ್ನೆಲ್ಲ ಒಗೆದು, ಹಿಟ್ಟು ರುಬ್ಬಿ, ಅಂಗಳ ಗುಡಿಸಿ ಮುಗಿಸುತ್ತಾರೆ. ಮುಂದಿನ ಮೂರು ದಿನ ಹಾಸಿಗೆ. ಮತ್ತೊಂದು ಒಳ್ಳೆಯ ದಿನ, ಮತ್ತೆ ಅದೇ ಕಥೆ. ಈ ಏರಿಳಿತವನ್ನು ಮುರಿಯುವ ಉಪಾಯ ಸರಳವಾದದ್ದು, ಆದರೆ ತಾಳ್ಮೆ ಬೇಡುತ್ತದೆ. ನಿಲ್ಲುವುದು, ಕೂರುವುದು, ನಡೆಯುವುದು ಇವುಗಳಲ್ಲಿ ಪ್ರತಿಯೊಂದನ್ನೂ ನೋವು ಕೆರಳದಂತೆ ಎಷ್ಟು ನಿಮಿಷ ಮಾಡಲಾಗುತ್ತದೆಂದು ಒಂದು ವಾರ ಬರೆದಿಡಬೇಕು. ಹತ್ತು ನಿಮಿಷ ಎಂದಾದರೆ ಎಂಟು ನಿಮಿಷದಿಂದ ಆರಂಭ. ಒಳ್ಳೆಯ ದಿನವಾದರೂ ಎಂಟೇ, ಕೆಟ್ಟ ದಿನವಾದರೂ ಸಾಧ್ಯವಾದಷ್ಟು ಎಂಟರ ಸಮೀಪ. ವಾರಕ್ಕೆ ಒಂದೆರಡು ನಿಮಿಷ ಹೆಚ್ಚಳ. ನಿಲ್ಲಿಸಬೇಕಾದದ್ದು ನೋವು ಹೇಳಿದಾಗಲ್ಲ, ಗಡಿಯಾರ ಹೇಳಿದಾಗ.

ನಡಿಗೆಯ ಬಗ್ಗೆ ಬಲವಾದ ಆಧಾರ ದೊರೆತದ್ದು ಇತ್ತೀಚೆಗೆ. ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಮವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿಯಿತು. ಉಳಿದವರಿಗೆ 112 ದಿನ. ಖರ್ಚು ಒಂದು ಜೊತೆ ಚಪ್ಪಲಿಯದು ಮಾತ್ರ.

ಕರ್ನಾಟಕದಲ್ಲೇ ನಡೆದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಬೆಂಗಳೂರು ಬಳಿಯ ಪ್ರಶಾಂತಿ ಕುಟೀರದಲ್ಲಿ ದೀರ್ಘಕಾಲದ ಸೊಂಟನೋವಿನ 80 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ವಾರ ಅಲ್ಲಿಯೇ ಇರಿಸಿಕೊಂಡು, ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮವನ್ನೂ ಕಲಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ದೈನಂದಿನ ಚಟುವಟಿಕೆ ಹಾಗೂ ಬೆನ್ನಿನ ಬಾಗುವಿಕೆಯಲ್ಲಿ ಯೋಗದ ಗುಂಪು ಹೆಚ್ಚು ಸುಧಾರಣೆ ಕಂಡಿತು. ಆಶ್ರಮದ ಒಂದು ವಾರ ಬೇರೆ, ಮನೆಯ ಐವತ್ತೆರಡು ವಾರ ಬೇರೆ ಎಂಬುದನ್ನು ಮರೆಯುವಂತಿಲ್ಲ. ಟಿ.ವಿ. ನೋಡಿ ಪಶ್ಚಿಮೋತ್ತಾನಾಸನಕ್ಕೆ ಇಳಿಯುವುದು ಜಾಣತನವಲ್ಲ. ತಿಳಿದವರ ಬಳಿ ಕಲಿಯುವುದು ಲೇಸು. ಯೋಗವೋ ವ್ಯಾಯಾಮವೋ ಈಜೋ ಎಂಬುದಕ್ಕಿಂತ ರೋಗಿಯು ಯಾವುದನ್ನು ಬಿಡದೆ ಮಾಡಬಲ್ಲನೆಂಬುದೇ ಮುಖ್ಯ.

ಮನಸ್ಸಿನ ಪಾಲು

‘ಮನೋವೈದ್ಯರನ್ನು ಕಾಣಿ’ ಎಂದೊಡನೆ ‘ನನ್ನ ನೋವು ನಾಟಕವೆಂದು ತಿಳಿದಿರಾ’ ಎಂದು ಸಿಡಿಯುವ ರೋಗಿಗಳಿದ್ದಾರೆ. ಅವರ ಸಿಟ್ಟಿಗೆ ಕಾರಣವೂ ಇದೆ. ಹೊರಗೆ ಗಾಯ ಕಾಣದ ಈ ನೋವನ್ನು ಮನೆಯವರೂ ಮೇಲಧಿಕಾರಿಗಳೂ ಸೋಮಾರಿತನವೆಂದು ಭಾವಿಸುವುದುಂಟು. ದುಡಿಯುವ ಒಬ್ಬನೇ ಒಬ್ಬ ಮನೆಯಲ್ಲಿ ಮಲಗಿದರೆ ಮಾತುಗಳು ನೋವಿಗಿಂತ ಹರಿತವಾಗುತ್ತವೆ. ಆದರೆ ಆಲೋಚನೆ ಹಾಗೂ ವರ್ತನೆಯನ್ನು ತಿದ್ದುವ ಚಿಕಿತ್ಸೆ ನೋವನ್ನು ಸುಳ್ಳೆಂದು ಸಾಧಿಸಲು ಹೊರಟದ್ದಲ್ಲ, ನರವ್ಯೂಹದ ಅತಿಜಾಗೃತಿಯನ್ನು ತಣಿಸಲು ಹೊರಟದ್ದು. ಆಸ್ಟ್ರೇಲಿಯಾದ 492 ರೋಗಿಗಳ ಮೇಲಿನ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಿಸಿಯೋಥೆರಪಿಸ್ಟರು ರೋಗಿಯ ಭಯದ ಚಲನೆಗಳನ್ನೇ ಆರಿಸಿ, ನೋವಿನ ಅರ್ಥವನ್ನು ವಿವರಿಸುತ್ತ, ಕೆಲವೇ ಭೇಟಿಗಳಲ್ಲಿ ಅಭ್ಯಾಸ ಮಾಡಿಸಿದರು. ಅದರ ಫಲ ಒಂದು ವರ್ಷದ ಬಳಿಕವೂ ಉಳಿದಿತ್ತು.

ಬದುಕೇ ಬೇಡವೆನಿಸುವಷ್ಟು ನೋವು ಕುಗ್ಗಿಸಿದ್ದರೆ ಅದನ್ನು ನುಂಗಿಕೊಂಡು ಕೂರಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬೆಲ್ಟು, ಸೂಜಿ, ಶಸ್ತ್ರ

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ದೀರ್ಘಕಾಲದ ಸೊಂಟನೋವಿಗೆ ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರಾಕ್ಷನ್ ಹಾಗೂ ಅಫೀಮು ವರ್ಗದ ಔಷಧಗಳನ್ನು ವಾಡಿಕೆಯಾಗಿ ಬಳಸಬಾರದೆಂದಿದೆ. ಶಿಕ್ಷಣ, ವ್ಯಾಯಾಮ, ಮನಶ್ಶಾಸ್ತ್ರೀಯ ಚಿಕಿತ್ಸೆ, ಮಾಲೀಶಿನಂತಹವಕ್ಕೆ ಅದರಲ್ಲಿ ಸ್ಥಾನವಿದೆ. ಬಿಸಿನೀರಿನ ಶಾಖ, ಎಣ್ಣೆ ತಿಕ್ಕುವುದು ತಾತ್ಕಾಲಿಕ ಹಿತ ಕೊಡುತ್ತವೆ, ಕೊಡಲಿ. ಅವು ಚಲನೆಗೆ ಸಿದ್ಧತೆಯಾಗಬೇಕೇ ವಿನಾ ಬದಲಿಯಲ್ಲ. ಬೆನ್ನಿಗೆ ಚುಚ್ಚುವ ದುಬಾರಿ ಸೂಜಿಗಳ ಬಗ್ಗೆ 2025ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಮಾರ್ಗಸೂಚಿ, ಕ್ಯಾನ್ಸರಿನದಲ್ಲದ ದೀರ್ಘಕಾಲದ ನೋವಿಗೆ ಅವು ಬೇಡವೆಂದೇ ಹೇಳಿದೆ. ಈ ವಿಷಯದಲ್ಲಿ ನೋವು ತಜ್ಞರ ನಡುವೆ ಭಿನ್ನಮತವಿದೆ. ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಪ್ರಯೋಜನ ನರ ಒತ್ತಿಕೊಂಡು ಕಾಲಿಗೆ ಇಳಿಯುವ ನೋವಿಗೆ. ಬರೀ ಬೆನ್ನುನೋವಿಗೆ ಅಷ್ಟಿಲ್ಲ.

ವೈದ್ಯರ ಬಳಿ ಮತ್ತೆ ಹೋಗುವಾಗ ಈವರೆಗೆ ನುಂಗಿದ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ನಿಮಿಷಗಳ ಲೆಕ್ಕದ ಪುಸ್ತಕವನ್ನೂ ಒಯ್ಯುವುದು ಒಳಿತು. ‘ನೋವು ಹತ್ತರಲ್ಲಿ ಎಷ್ಟು’ ಎಂಬುದರ ಜೊತೆಗೆ ಏನು ಮಾಡಲಾಗುತ್ತಿಲ್ಲ ಎಂಬುದನ್ನು ಹೇಳಬೇಕು: ಮೊಮ್ಮಗುವನ್ನು ಎತ್ತಿಕೊಳ್ಳಲು ಆಗುತ್ತಿಲ್ಲ, ಬಸ್ಸಿನಲ್ಲಿ ತಾಲ್ಲೂಕು ಕಚೇರಿಯವರೆಗೆ ಕೂರಲು ಆಗುತ್ತಿಲ್ಲ, ಮಗ್ಗದ ಮುಂದೆ ಒಂದು ತಾಸು ಕೂರಲು ಆಗುತ್ತಿಲ್ಲ. ಚಿಕಿತ್ಸೆಯ ಗುರಿಯನ್ನು ಅಲ್ಲಿಂದ ಗೊತ್ತುಮಾಡಿಕೊಂಡರೆ ಮೂರು ತಿಂಗಳ ಬಳಿಕ ಸುಧಾರಿಸಿದೆಯೇ ಇಲ್ಲವೇ ಎಂಬುದನ್ನು ವೈದ್ಯರೂ ರೋಗಿಯೂ ಒಂದೇ ಪುಟದಲ್ಲಿ ನೋಡಿ ಹೇಳಬಹುದು.